ಪದಚರ್ಚೆ: ಮನುಷ್ಯರೂಪವಿಲ್ಲದ ತಾರಾನೌಕೆಯ ಸಿಬ್ಬಂದಿ ‘ಬಂದಿತು’ ಎನ್ನಬೇಕೋ, ‘ಬಂದರು’ ಎನ್ನಬೇಕೋ?

ಎಲ್ಲರಿಗೂ ಪುಣೆಯಿಂದ ನಮಸ್ಕಾರಗಳು. ನಕ್ಷತ್ರಗಳ ನಡುವೆ ಸಂಚರಿಸುವ ನೌಕೆಯಲ್ಲಿ ಬದುಕುವ, ದುಡಿಯುವ, ಆದರೆ ಕೈ, ಕಾಲು, ಮುಖ ಯಾವುದೂ ಇಲ್ಲದ ಬುದ್ಧಿಯುಳ್ಳ ಅನ್ಯಲೋಕದವರ ಬಗ್ಗೆ ಕನ್ನಡದಲ್ಲಿ ಬರೆಯುವಾಗ ಯಾವ ಸರ್ವನಾಮ, ಯಾವ ಕ್ರಿಯಾರೂಪ, ಯಾವ ಎಣಿಕೆಯ ಪದ ಸರಿ ಎಂಬುದು ನನ್ನ ಪ್ರಶ್ನೆ. ಇಲ್ಲಿನ ಕನ್ನಡ ಮನೆಗಳ ಮಕ್ಕಳಿಗಾಗಿ ನಾವು ಕೆಲವರು ಒಂದು ನೀಳ್ಗತೆಯನ್ನು ಬರೆಯುತ್ತಿದ್ದೇವೆ. ಮನೆಯಲ್ಲಿ ಕನ್ನಡವನ್ನೂ ಶಾಲೆಯಲ್ಲಿ ಮರಾಠಿಯನ್ನೂ ಆಡುವ ಈ ಮಕ್ಕಳಿಗೆ ವಿಜ್ಞಾನ ಕಥೆ ಹೊಸದಲ್ಲ. ಮುಂಬೈ, ಪುಣೆಗಳಲ್ಲಿ ಬಾಳಿದ ಖಗೋಳವಿಜ್ಞಾನಿ ಜಯಂತ ನಾರಳೀಕರ್ ಮರಾಠಿಯಲ್ಲಿ ಅಂಥ ಕಥೆಗಳ ದೊಡ್ಡ ಪರಂಪರೆಯನ್ನೇ ಬೆಳೆಸಿದರು. ಕರಡನ್ನು ಓದಿದ ಹುಡುಗಿಯೊಬ್ಬಳು, ನೌಕೆಯ ಮುಖ್ಯಾಧಿಕಾರಿಯನ್ನು ‘ಅದು ಹೇಳಿತು’ ಎಂದು ಏಕೆ ಬರೆದಿದ್ದೀರಿ, ಮುಖ್ಯಾಧಿಕಾರಿಗೆ ‘ಅವರು’ ಎನ್ನಬೇಕಲ್ಲವೇ ಎಂದು ಕೇಳಿದಳು. ಈ ಪ್ರಶ್ನೆಗೆ ವ್ಯಾಕರಣದ ಉತ್ತರ ಕೊಡುವುದಕ್ಕೆ ಮೊದಲು ಆ ಜೀವಿಗಳು ನೌಕೆಯಲ್ಲಿ ಹೇಗೆ ಬಾಳುತ್ತಾರೆ ಎಂಬುದನ್ನು ಗಟ್ಟಿಯಾಗಿ ಯೋಚಿಸಬೇಕಾಯಿತು. ಆದ್ದರಿಂದ ಪತ್ರ ಸ್ವಲ್ಪ ಉದ್ದವಾಗಿದೆ.

ತೊಡಕು ಎಲ್ಲಿದೆ ಎಂಬುದು ಮರಾಠಿಯ ಪಕ್ಕದಲ್ಲಿಟ್ಟು ನೋಡಿದಾಗ ಸ್ಪಷ್ಟವಾಗುತ್ತದೆ. ಮರಾಠಿಯಲ್ಲಿ ಕಲ್ಲು ಪುಲ್ಲಿಂಗ, ಕುರ್ಚಿ ಸ್ತ್ರೀಲಿಂಗ, ಮರ ನಪುಂಸಕ. ಕಲ್ಲೂ ‘ಪಡಲಾ’, ಗಂಡಸೂ ‘ಪಡಲಾ’. ಅಲ್ಲಿನ ಕ್ರಿಯಾಪದ ನಾಮಪದದ ಲಿಂಗವನ್ನು ಹೇಳುತ್ತದೆಯೇ ಹೊರತು, ಬಿದ್ದದ್ದು ವ್ಯಕ್ತಿಯೋ ವಸ್ತುವೋ ಎಂದು ತೀರ್ಮಾನಿಸುವುದಿಲ್ಲ. ಕನ್ನಡದಲ್ಲಿ ಕಲ್ಲು ಬಿದ್ದಿತು, ಎತ್ತು ಬಿದ್ದಿತು, ರೈತ ಬಿದ್ದನು. ನಮ್ಮ ಒಂದೊಂದು ಸಾಮಾನ್ಯ ವಾಕ್ಯವೂ ಕರ್ತೃವು ಮನುಷ್ಯರ ಸಾಲಿಗೆ ಸೇರಿದ್ದೋ ಅಲ್ಲವೋ ಎಂದು ಕೊನೆಯ ಅಕ್ಷರದಲ್ಲಿ ತೀರ್ಪು ಕೊಟ್ಟುಬಿಡುತ್ತದೆ. ಎಣಿಕೆಯಲ್ಲೂ ಹಾಗೆಯೇ: ಎರಡು ಹಕ್ಕಿ, ಇಬ್ಬರು ಹುಡುಗರು, ಮೂರು ನಾಯಿ, ಮೂವರು ಯಾತ್ರಿಗಳು. ಎಣಿಕೆಯ ವಿಷಯದಲ್ಲಿ ಮಾತ್ರ ಮರಾಠಿಗೆ ಜನರನ್ನು ಎಣಿಸುವ ದೋಘೆ, ತಿಘೆ, ಚೌಘೆ ಎಂಬ ರೂಪಗಳಿವೆ, ಗೋವೆಯ ಕೊಂಕಣಿಯಲ್ಲೂ ಅಂಥವು ಇವೆ. ಪ್ರಶ್ನಾರ್ಥಕವೂ ಬೇರೆಯಾಗುತ್ತದೆ. ನೌಕೆಯ ಬಾಗಿಲಿನ ಆಚೆ ಸದ್ದಾದಾಗ ಒಳಗಿರುವವಳು ‘ಯಾರದು?’ ಎನ್ನುತ್ತಾಳೋ ‘ಏನದು?’ ಎನ್ನುತ್ತಾಳೋ ಎಂಬುದರಲ್ಲೇ ಕಥೆಯ ಅರ್ಧ ಅರ್ಥ ಅಡಗಿದೆ.

ಹಾಗಾದರೆ ಮಾತನಾಡುವ ಶಕ್ತಿಯೇ ವ್ಯಕ್ತಿತ್ವದ ಗುರುತೇ? ನಮ್ಮ ಮಕ್ಕಳ ಕಥೆಗಳಲ್ಲಿ ನರಿ ಮಾತನಾಡುತ್ತದೆ, ಉಪಾಯ ಹೂಡುತ್ತದೆ, ಮೋಸ ಮಾಡುತ್ತದೆ. ಆದರೂ ‘ನರಿ ಹೇಳಿತು’ ಎಂದೇ ಬರೆಯುತ್ತೇವೆ. ರಾಮಾಯಣದ ಜಟಾಯುವಿಗೆ ಮೈಯೆಲ್ಲ ರೆಕ್ಕೆಪುಕ್ಕ, ಕೊಕ್ಕು, ಉಗುರು. ಆದರೂ ‘ಜಟಾಯು ಹೋರಾಡಿದನು’ ಎನ್ನುತ್ತೇವೆ. ಕರಡಿಯಾದ ಜಾಂಬವಂತನಿಗೂ, ಹಾವಾದ ಆದಿಶೇಷನಿಗೂ ಇದೇ ಸಲ್ಲುತ್ತದೆ. ನರಿಗೂ ಜಟಾಯುವಿಗೂ ಇರುವ ವ್ಯತ್ಯಾಸ ಆಕಾರದ್ದಲ್ಲ ಎಂಬುದು ಖಚಿತ. ಜಟಾಯು ದಶರಥನ ಗೆಳೆಯ, ಸೀತೆಯನ್ನು ಕಾಯುವ ಹೊಣೆಯನ್ನು ತಾನಾಗಿ ಹೊತ್ತವನು, ಆ ಹೊಣೆಗಾಗಿ ಪ್ರಾಣ ಕೊಟ್ಟವನು. ಅಂದರೆ ನಮ್ಮ ಭಾಷೆ ಹೊಣೆಗಾರಿಕೆಯನ್ನೂ ನಂಟನ್ನೂ ಕಂಡ ಕಡೆ, ಎದುರಿಗಿರುವ ಮೈ ಹೇಗಿದ್ದರೂ ಮನುಷ್ಯರ ಪ್ರತ್ಯಯವನ್ನು ಕೊಡುತ್ತಲೇ ಬಂದಿದೆ. ನಾನು ಮುಂದಿಡುವ ಸಲಹೆಗೆ ಇದೇ ಆಧಾರ: ನೌಕೆಯ ಕೆಲಸದಲ್ಲಿ ಪಾಲು ಹೊತ್ತವರೆಲ್ಲರಿಗೂ ‘ಅವರು’ ಮತ್ತು ‘-ಅರು’ ಸಲ್ಲಬೇಕು. ‘ಅನು’, ‘ಅಳು’ ಬಳಸಿದರೆ ಆ ಜೀವಿಗಳಲ್ಲಿ ಇಲ್ಲದ ಗಂಡುಹೆಣ್ಣಿನ ಭೇದವನ್ನು ನಾವೇ ಹೊರಿಸಿದಂತಾಗುತ್ತದೆ. ‘ಅರು’ವಿಗೆ ಆ ದೋಷವಿಲ್ಲ.

ಇದಕ್ಕೆ ಎದುರಾಗಿ ಬರಬಹುದಾದ ವಾದವೂ ಬಲವಾದದ್ದೇ. ನಪುಂಸಕ ರೂಪ ಕನ್ನಡದಲ್ಲಿ ಯಾವಾಗಲೂ ಕೀಳಲ್ಲ. ‘ಮಗು ಬಂದಿತು’ ಎನ್ನುವಾಗ ನಾವು ಮಗುವನ್ನು ವಸ್ತುವಾಗಿಸುವುದಿಲ್ಲ. ಹವ್ಯಕ ಕನ್ನಡದಲ್ಲಿ ಮನೆಯ ಹೆಂಗಸರ ಬಗ್ಗೆ ‘ಬಂತು’, ‘ಹೋತು’ ಎನ್ನುವುದು ರೂಢಿ. ಅದರಲ್ಲಿ ಅಗೌರವದ ಸುಳಿವೂ ಇಲ್ಲ. ಸೂರ್ಯ ಮೂಡಿದನು, ಸೂರ್ಯ ಮೂಡಿತು ಎಂಬ ಎರಡೂ ಸಾಧುವೆಂದು ನಮ್ಮ ವ್ಯಾಕರಣಗಳು ಒಪ್ಪಿವೆ, ಮತ್ತು 13ನೆಯ ಶತಮಾನದ ಕೇಶಿರಾಜ ಮೂರಕ್ಕೇ ನಿಲ್ಲದೆ ಒಂಬತ್ತು ಲಿಂಗಗಳನ್ನು ಎಣಿಸಿದ್ದಾನೆ. ಆದರೂ ಶಿಷ್ಟ ಬರವಣಿಗೆಯಲ್ಲಿ ಮನುಷ್ಯ ಸಿಬ್ಬಂದಿಗೆ ‘ಬಂದರು’ ಎಂದು, ಅದೇ ವಾಕ್ಯದಲ್ಲಿ ಅವರ ಸಹೋದ್ಯೋಗಿಗೆ ‘ಬಂದಿತು’ ಎಂದು ಬರೆದರೆ ಓದುಗರಿಗೆ ಭೇದವೇ ಕಾಣುತ್ತದೆ. ಪಕ್ಕಪಕ್ಕದಲ್ಲಿ ಇಡುವುದರಿಂದ ಹುಟ್ಟುವ ಅರ್ಥವಿದು.

ಇನ್ನು ಆ ಜೀವಿಗಳ ಬಾಳುವೆಗೆ ಬರುತ್ತೇನೆ. ಎರಡು ಕಣ್ಣು, ಎರಡು ಕೈಯ ಮನುಷ್ಯನಿಗೆ ಹಸಿರು ಬಣ್ಣ ಬಳಿದು ಅನ್ಯಲೋಕದವನು ಎನ್ನುವುದನ್ನು ನಾವು ಮೊದಲೇ ಬಿಟ್ಟುಬಿಟ್ಟಿದ್ದೆವು. ನಮ್ಮ ಭೂಮಿಯ ಆಕ್ಟೊಪಸ್ ಒಂದನ್ನೇ ನೋಡಿದರೆ ಸಾಕು, ಕಲ್ಪನೆಗೆ ಬೇಕಾದಷ್ಟು ಆಸ್ಪದವಿದೆ. ಅದರ ಮೈಯಲ್ಲಿರುವ ಸುಮಾರು 50 ಕೋಟಿ ನರಕೋಶಗಳಲ್ಲಿ ಮೂರನೆಯ ಎರಡರಷ್ಟು ತೋಳುಗಳಲ್ಲಿವೆ. ತೋಳಿನ ಹೀರುಬಟ್ಟಲುಗಳು ಮುಟ್ಟಿದ್ದನ್ನು ರುಚಿಯನ್ನಾಗಿಯೂ ಗ್ರಹಿಸುತ್ತವೆ, ಮತ್ತು ಒಂದು ತೋಳು ತನ್ನ ಮಟ್ಟಿಗಿನ ಎಷ್ಟೋ ಕೆಲಸವನ್ನು ನಡುವಿನ ಮಿದುಳಿಗೆ ಹೇಳದೆ ನಡೆಸಬಲ್ಲದು. ಅಂಥ ಮೈಯುಳ್ಳವರು ನೌಕೆಯ ಯಂತ್ರಶಾಲೆಯಲ್ಲಿದ್ದಾರೆ ಎಂದಿಟ್ಟುಕೊಳ್ಳಿ. ಅವರಿಗೆ ಗುಂಡಿಗಳ ಮೇಲೆ ಅಕ್ಷರ ಬರೆದಿಡುವ ಅಗತ್ಯವಿಲ್ಲ. ಒಂದೊಂದು ಗುಂಡಿಗೆ ಒಂದೊಂದು ರುಚಿಯ ಲೇಪವಿದ್ದರೆ ಕತ್ತಲಲ್ಲೂ, ಕೊಳವೆಗಳ ಹಿಂದೆ ಎಲ್ಲಿದ್ದರೂ, ಏಕಕಾಲಕ್ಕೆ ಹಲವು ಕೆಲಸಗಳನ್ನು ಅವರು ಮಾಡಬಲ್ಲರು. ಮೂಳೆಯಿಲ್ಲದ ಮೈಯಾದ್ದರಿಂದ ಮನುಷ್ಯರ ತಲೆ ತೂರದ ಸಂದಿಗಳು ಅವರಿಗೆ ಓಣಿಗಳಾಗುತ್ತವೆ. ಇಲ್ಲಿ ಭಾಷೆಗೆ ಸಂಬಂಧಿಸಿದ ಸೂಕ್ಷ್ಮವೊಂದಿದೆ. ಒಂದು ತೋಳು ತಾನಾಗಿ ಕವಾಟವನ್ನು ತೆರೆದರೆ ‘ಅವರು ತೆರೆದರು’ ಎನ್ನಬೇಕೋ, ‘ಅವರ ತೋಳು ತೆರೆಯಿತು’ ಎನ್ನಬೇಕೋ? ನೌಕೆಯಲ್ಲಿ ಅಪಘಾತದ ವಿಚಾರಣೆ ನಡೆದಾಗ ಇದು ಬರಿಯ ವ್ಯಾಕರಣದ ಮಾತಾಗಿ ಉಳಿಯುವುದಿಲ್ಲ. ನಮ್ಮ ಕಥೆಯಲ್ಲಿ ಅವರು ತಮ್ಮ ಬಗ್ಗೆ ಹೇಳಿಕೊಳ್ಳುವಾಗ ಎರಡೂ ರೂಪಗಳನ್ನು ಬಳಸುತ್ತಾರೆ, ಮತ್ತು ಆ ಎರಡರ ಅಂತರವನ್ನು ಮನುಷ್ಯ ಸಹೋದ್ಯೋಗಿಗಳು ನಿಧಾನವಾಗಿ ಕಲಿಯುತ್ತಾರೆ.

ಎರಡನೆಯ ಬಗೆ ಇದಕ್ಕಿಂತ ಕಠಿಣವಾದದ್ದು. ಮಳೆಗಾಲದಲ್ಲಿ ಮುಂಬೈಯ ಜುಹು ಕಡಲತೀರಕ್ಕೆ ನೀಲಿ ಗುಳ್ಳೆಗಳಂತೆ ತೇಲಿಬರುವ, ಮುಟ್ಟಿದರೆ ಉರಿ ಹತ್ತಿಸುವ ಜೀವಿಯನ್ನು ಅಲ್ಲಿನ ಓದುಗರು ಕಂಡಿರುತ್ತಾರೆ. ಜನ ಅದನ್ನು ಲೋಳೆಮೀನು ಎನ್ನುತ್ತಾರೆ, ಆದರೆ ಅದು ಒಂದೇ ಪ್ರಾಣಿಯಲ್ಲ. ತೇಲಿಸುವ ಭಾಗ, ಕುಟುಕುವ ಭಾಗ, ಜೀರ್ಣಿಸುವ ಭಾಗ, ಸಂತಾನಕ್ಕೆ ಮೀಸಲಾದ ಭಾಗ ಇವೆಲ್ಲ ಒಂದೇ ಮೊಟ್ಟೆಯಿಂದ ಕವಲೊಡೆದು ಬೆಳೆದ ಬೇರೆ ಬೇರೆ ಘಟಕಗಳು; ಕೂಡಿಯೇ ಬದುಕುತ್ತವೆ, ಬಿಡಿಯಾಗಿ ಬದುಕಲಾರವು. ಇಂಥ ವಸಾಹತು ಜೀವಿಗೆ ಬುದ್ಧಿ ಬಂದು, ಅದು ನೌಕೆಯ ಪಥದರ್ಶಕ ಹುದ್ದೆಯಲ್ಲಿದ್ದರೆ ಎಷ್ಟು ಜನ ಕೆಲಸದಲ್ಲಿದ್ದಾರೆ ಎಂದು ಹಾಜರಿ ಪುಸ್ತಕದಲ್ಲಿ ಬರೆಯುವುದು? ಇಲ್ಲಿ ನನಗೆ ಕನ್ನಡದ ಮೇಲೆ ಬಹಳ ಪ್ರೀತಿ ಉಕ್ಕಿತು. ‘ಅವರು’ ಎಂಬ ನಮ್ಮ ಪದ ಗೌರವಾರ್ಥದ ಒಬ್ಬರಿಗೂ ಹಲವರಿಗೂ ಒಂದೇ. ‘ಅವರು ದಾರಿಯನ್ನು ನಿಶ್ಚಯಿಸಿದರು’ ಎಂದಾಗ ಒಬ್ಬರೋ ಹಲವರೋ ಎಂಬುದನ್ನು ಭಾಷೆ ತೆರೆದೇ ಇಡುತ್ತದೆ, ಮತ್ತು ವಸಾಹತು ಜೀವಿಯ ನಿಜವೂ ಅದೇ. ಎಣಿಸಲೇಬೇಕಾದಾಗ ಮಾತ್ರ ತೊಡಕು ಮರಳುತ್ತದೆ. ಅವರನ್ನು ‘ಒಬ್ಬರು’ ಎಂದರೆ ಘಟಕಗಳು ಮಾಯವಾಗುತ್ತವೆ, ‘ನಾಲ್ವರು’ ಎಂದರೆ ಒಗ್ಗಟ್ಟು ಮಾಯವಾಗುತ್ತದೆ. ‘ಒಂದು ಕೂಟದವರು’ ಎಂದು ಸದ್ಯಕ್ಕೆ ಬರೆದಿದ್ದೇವೆ. ಇದಕ್ಕಿಂತ ಚೆನ್ನಾದ ಎಣಿಕೆಯ ರೂಪ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಬೇಕು.

ಕಣ್ಣಿಲ್ಲದವರ ಕೆಲಸವನ್ನು ವರ್ಣಿಸುವುದು ಕಷ್ಟವಾದೀತೆಂದು ಅಂಜಿದ್ದೆವು, ಆದರೆ ಕನ್ನಡದ ‘ನೋಡು’ ನಮ್ಮನ್ನು ಕಾಪಾಡಿತು. ನಾವು ರುಚಿ ನೋಡುತ್ತೇವೆ, ಮುಟ್ಟಿ ನೋಡುತ್ತೇವೆ, ಮೂಸಿ ನೋಡುತ್ತೇವೆ, ಕೇಳಿಯೂ ನೋಡುತ್ತೇವೆ. ಆದ್ದರಿಂದ ಆಫ್ರಿಕದ ನದಿಗಳ ಕೆಲವು ಮೀನುಗಳಂತೆ ತಮ್ಮ ಸುತ್ತ ದುರ್ಬಲ ವಿದ್ಯುತ್ ಕ್ಷೇತ್ರವನ್ನು ಹರಡಿ, ಅದರಲ್ಲಾಗುವ ಬದಲಾವಣೆಯಿಂದಲೇ ಅಡ್ಡಿಗಳನ್ನು ಗುರುತಿಸಿ, ಅದರ ಮಿಡಿತದಿಂದಲೇ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುವ ಜೀವಿಗಳು ‘ಮಿಡಿದು ನೋಡಿದರು’ ಎಂದು ಬರೆದಾಗ ಮಕ್ಕಳಲ್ಲಿ ಒಬ್ಬರೂ ತಡವರಿಸಲಿಲ್ಲ. ಅಪಾಯದ ಸೂಚನೆಗಳ ಕಥೆ ಬೇರೆ. ಕೆಂಪು ದೀಪ ಎಂಬುದು ನಮ್ಮ ಕಣ್ಣಿಗೂ ನಮ್ಮ ರೂಢಿಗೂ ಸೇರಿದ ಸಂಕೇತ. ಆಕ್ಟೊಪಸ್ಸಿನ ಕಣ್ಣಿನಲ್ಲಿ ಬೆಳಕನ್ನು ಗ್ರಹಿಸುವ ಕೋಶ ಒಂದೇ ಬಗೆಯದಾದ್ದರಿಂದ ಬಣ್ಣಗಳನ್ನು ನಮ್ಮಂತೆ ಅದು ಬೇರ್ಪಡಿಸಲಾರದು. ವಾಸನೆಯಿಂದ ಮಾತನಾಡುವವರಿಗೆ ಇನ್ನೊಂದು ಕಷ್ಟವಿದೆ: ಕೂಗು ಕ್ಷಣದಲ್ಲಿ ಅಡಗುತ್ತದೆ, ವಾಸನೆ ಉಳಿಯುತ್ತದೆ. ಅಪಾಯ ಮುಗಿದ ಮೇಲೂ ‘ಓಡಿ’ ಎಂಬ ಮಾತು ಗಾಳಿಯಲ್ಲಿ ತೇಲುತ್ತಲೇ ಇರುವುದರಿಂದ, ಅವರ ವಿಭಾಗದಲ್ಲಿ ಗಾಳಿಯನ್ನು ಶುದ್ಧಗೊಳಿಸುವವರೇ ಮಾತಿಗೆ ಪೂರ್ಣವಿರಾಮ ಹಾಕುವವರು. ಅವರ ಹುದ್ದೆಗೆ ‘ಅಳಿಸುಗಾರರು’ ಎಂಬ ಪದವನ್ನು ಕಟ್ಟಿದ್ದೇವೆ. ಇದು ಕಿವಿಗೆ ಹಿತವೇ?

ವಾಸದ ಜಾಗಕ್ಕೆ ಏನೆನ್ನಬೇಕು ಎಂಬುದರ ಬಗ್ಗೆ ನಮ್ಮಲ್ಲಿ ದೊಡ್ಡ ಚರ್ಚೆಯೇ ಆಯಿತು. ನೀರಿನಲ್ಲಿ ಬಾಳುವವರಿಗೆ ನೌಕೆಯಲ್ಲಿ ನೀರು ತುಂಬಿದ ವಿಭಾಗ ಬೇಕು. ಉದ್ದ, ಅಗಲ, ಎತ್ತರ ಮೂರೂ 10 ಮೀಟರ್ ಇರುವ ಒಂದೇ ಕೋಣೆಯನ್ನು ತುಂಬಲು 1000 ಟನ್ ನೀರು ಬೇಕಾಗುತ್ತದೆ, ಇದು ಇಂದಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಒಟ್ಟು ತೂಕದ ಎರಡು ಪಟ್ಟಿಗಿಂತ ಹೆಚ್ಚು. ಆದರೆ ಆ ನೀರು ವ್ಯರ್ಥ ಭಾರವಲ್ಲ. ಅದು ಅಂತರಿಕ್ಷದ ವಿಕಿರಣಕ್ಕೆ ಅಡ್ಡ ನಿಲ್ಲುತ್ತದೆ, ನೌಕೆ ಜೋರಾಗಿ ವೇಗ ಹೆಚ್ಚಿಸಿದಾಗ ಮೈಯನ್ನು ಎಲ್ಲ ಕಡೆಯಿಂದ ಸಮನಾಗಿ ಹೊತ್ತು ಪೆಟ್ಟನ್ನು ತಗ್ಗಿಸುತ್ತದೆ, ಮತ್ತು ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ ಸದ್ದನ್ನು ಒಯ್ಯುತ್ತದೆ. ನಮ್ಮ ಗಾಳಿಯಲ್ಲಿ ಸದ್ದಿನ ವೇಗ ಸುಮಾರು 340 ಮೀಟರ್. ಬಹುಶಃ ಅವರ ವಿಭಾಗದ ಸುತ್ತಲೇ ಉಳಿದವರ ವಿಭಾಗಗಳನ್ನು ಜೋಡಿಸುವುದು ಜಾಣತನವಾದೀತು. ಇಂಥ ಜಾಗವನ್ನು ‘ತೊಟ್ಟಿ’ ಎಂದರೆ ಸಹೋದ್ಯೋಗಿಗಳು ಸಾಕುಮೀನುಗಳಾಗುತ್ತಾರೆ, ‘ಗೂಡು’ ಎಂದರೆ ಹಕ್ಕಿಗಳಾಗುತ್ತಾರೆ. ‘ಬಿಡಾರ’ ಎಂಬ ಪದ ಎಲ್ಲರಿಗೂ ಒಪ್ಪಿಗೆಯಾಯಿತು. ಮರಾಠಿಯ ಬಿರ್‍ಹಾಡವೂ ಅರ್ಥದಲ್ಲಿ ಇದಕ್ಕೆ ಹತ್ತಿರ, ಮತ್ತು ಊರು ಬಿಟ್ಟು ಬಂದು ಇಲ್ಲಿ ನೆಲೆ ಮಾಡಿಕೊಂಡ ನಮಗೆಲ್ಲ ಆ ಪದದಲ್ಲಿ ತಾತ್ಕಾಲಿಕತೆಯೂ ಸ್ವಂತಿಕೆಯೂ ಒಟ್ಟಿಗೆ ಕೇಳಿಸುತ್ತವೆ. ನೀರಿನ ಬಿಡಾರ, ಗಾಳಿಯ ಬಿಡಾರ, ಅಮೋನಿಯದ ಬಿಡಾರ.

ಅಮೋನಿಯದ ಬಿಡಾರದ ಬಗ್ಗೆ ಒಂದೆರಡು ಮಾತು. ನಮ್ಮ ವಾತಾವರಣದ ಒತ್ತಡದಲ್ಲಿ ಅಮೋನಿಯ ಮೈನಸ್ 78ರಿಂದ ಮೈನಸ್ 33 ಡಿಗ್ರಿ ಸೆಲ್ಸಿಯಸ್ ನಡುವೆ ದ್ರವವಾಗಿರುತ್ತದೆ. ರಕ್ತದ ಬದಲು ಅದು ಹರಿಯುವ ಜೀವಿಗಳಿದ್ದರೆ, ಅವರಿಗೆ 37 ಡಿಗ್ರಿಯ ನಮ್ಮ ಮೈ ಕುದಿಬಿಂದುವಿಗಿಂತ 70 ಡಿಗ್ರಿ ಹೆಚ್ಚು ಬಿಸಿ. ಒಟ್ಟಿಗೆ ವರ್ಷಗಟ್ಟಲೆ ದುಡಿದರೂ ಅವರೂ ನಾವೂ ಒಂದು ಕೋಣೆಯಲ್ಲಿ ಕೂರಲಾರೆವು, ದಪ್ಪ ಗೋಡೆಯ ಎರಡು ಬದಿಗಳಲ್ಲಿದ್ದೇ ಎಲ್ಲ ವ್ಯವಹಾರ ನಡೆಯಬೇಕು. ‘ಮುಖಾಮುಖಿ’ ಎಂಬ ಪದ ಇಲ್ಲಿ ಎರಡು ರೀತಿಯಲ್ಲಿ ಹೊಂದುವುದಿಲ್ಲ. ಮೇಲಾಗಿ ಅಂಥ ಚಳಿಯಲ್ಲಿ ರಾಸಾಯನಿಕ ಕ್ರಿಯೆಗಳು ನಿಧಾನವಾಗುವುದರಿಂದ ಅವರ ಯೋಚನೆಯೂ ನಿಧಾನವಾಗಿರುವ ಸಂಭವವಿದೆ. ಒಂದು ಉತ್ತರ ಕೊಡಲು ಮನುಷ್ಯರ ನಾಲ್ಕು ಪಾಳಿಗಳು ಹಿಡಿದರೆ ಅದನ್ನು ದಡ್ಡತನವೆಂದು ತಿಳಿಯುವುದು ತಪ್ಪು. ಸೂರ್ಯನನ್ನು ಬಿಟ್ಟರೆ ನಮಗೆ ತೀರ ಹತ್ತಿರದ ಪ್ರಾಕ್ಸಿಮಾ ನಕ್ಷತ್ರದಿಂದ ಬೆಳಕು ಬರುವುದಕ್ಕೇ 4.2 ವರ್ಷ ಬೇಕು. ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಧಾವಿಸುವ ವಾಯೇಜರ್ 1 ಎಂಬ ಬಾಹ್ಯಾಕಾಶ ನೌಕೆಯ ವೇಗದಲ್ಲಿ ಹೋದರೆ ಅಷ್ಟು ದೂರಕ್ಕೆ 70,000 ವರ್ಷಗಳೂ ಸಾಲವು. ಇಂಥ ದಾರಿಯಲ್ಲಿ ಪಥವನ್ನು ಕಾಯುವ ಕೆಲಸಕ್ಕೆ ಆತುರವಿಲ್ಲದ ಮನಸ್ಸೇ ತಕ್ಕದ್ದು. ‘ಅವರು ಹೇಳುತ್ತಲೇ ಇದ್ದಾರೆ’ ಎಂಬ ನಮ್ಮ ಕ್ರಿಯಾರೂಪ ಇವರಿಗಾಗಿಯೇ ಹುಟ್ಟಿದಂತಿದೆ.

ದಿಕ್ಕಿನ ಪದಗಳನ್ನು ಬೇಗ ಮುಗಿಸುತ್ತೇನೆ. ನಕ್ಷತ್ರಮೀನಿನಂತೆ ಸುತ್ತಲೂ ಒಂದೇ ಬಗೆಯ ಮೈಯುಳ್ಳವರಿಗೆ ಎಡ, ಬಲ, ಮುಂದೆ, ಹಿಂದೆ ಯಾವುದೂ ಇಲ್ಲ. ನೌಕೆಯನ್ನು ನಿಮಿಷಕ್ಕೆ ಎರಡು ಸುತ್ತು ತಿರುಗಿಸಿ ಭೂಮಿಯಷ್ಟೇ ತೂಕದ ಅನುಭವ ಬರಿಸಬೇಕಾದರೆ ಅದರ ತ್ರಿಜ್ಯ ಸುಮಾರು 224 ಮೀಟರ್ ಇರಬೇಕು, ಮತ್ತು ಅಂಥ ನೌಕೆಯಲ್ಲಿ ದಿಕ್ಕುಗಳನ್ನು ಮೈಯಿಂದ ಅಳೆಯದೆ ನೌಕೆಯಿಂದ ಅಳೆಯಬಹುದು: ನಡುವಿನತ್ತ, ಅಂಚಿನತ್ತ, ಸುತ್ತಿನತ್ತ, ಎದುರುಸುತ್ತಿನತ್ತ. ಗೇಣು, ಮೊಳ, ಮಾರು, ಆಳು ಎಂಬ ಅಳತೆಗಳನ್ನು ಮನುಷ್ಯರು ಮಾತ್ರ ತಮ್ಮೊಳಗೆ ಬಳಸಲಿ.

ಇನ್ನು ಇವರೆಲ್ಲರನ್ನೂ ಒಟ್ಟಾಗಿ ಕರೆಯುವ ಹೆಸರು. ‘ಅನ್ಯಗ್ರಹಜೀವಿ’ ಎಂದೊಡನೆ ‘ಜೀವಿಗಳು ಬಂದವು’ ಎಂಬ ರೂಪ ಬೆನ್ನ ಹಿಂದೆಯೇ ಬರುತ್ತದೆ. ‘ಅನ್ಯಲೋಕದವರು’ ಎಂದರೆ ‘ಬಂದರು’ ಬರುತ್ತದೆ, ಅಷ್ಟರ ಮಟ್ಟಿಗೆ ಅದು ಮೇಲು. ಆದರೆ ಎಲ್ಲರೂ ಬೇರೆ ಬೇರೆ ಲೋಕಗಳಿಂದ ಬಂದಿರುವ ನೌಕೆಯಲ್ಲಿ ಯಾರು ಅನ್ಯರು? ಮನುಷ್ಯಾಕಾರವಿಲ್ಲದವರು ಎಂಬರ್ಥದಲ್ಲಿ ‘ಅಮಾನುಷ’ವನ್ನು ಬಳಸಲಾಗದು, ಅದರ ಅರ್ಥ ಕ್ರೌರ್ಯದ ಕಡೆಗೆ ವಾಲಿಬಿಟ್ಟಿದೆ. ‘ಮನುಷ್ಯೇತರ’ ಎಂದರೆ ದನಕರುಗಳೂ ಸೇರುತ್ತವೆ. ಬೇರೆ ಮತ್ತು ಒಡಲು ಎಂಬ ಪದಗಳಿಗೆ ಕನ್ನಡಿಗ, ಗಾಣಿಗ ಎಂಬಲ್ಲಿರುವ ಪ್ರತ್ಯಯವನ್ನು ಸೇರಿಸಿ ‘ಬೇರೊಡಲಿಗರು’ ಎಂದು ಮಾಡಿದ್ದೇವೆ. ಈ ಪದದಲ್ಲಿ ನಾವೂ ಅವರಿಗೆ ಬೇರೊಡಲಿಗರೇ ಆಗುತ್ತೇವೆ, ಅದು ನನಗೆ ಇಷ್ಟ. ಒಡನಾಟದಲ್ಲಿ ಹುದ್ದೆಯ ಹೆಸರೇ ಸಾಕೆಂಬ ಸಲಹೆಯೂ ಬಂದಿದೆ. ‘ಸಿಬ್ಬಂದಿ’ ಒಳ್ಳೆಯ ಪದ. ಕೋಟೆಯ ಕಾವಲುಪಡೆಗೆ ಮರಾಠಿಯಲ್ಲಿ ಹೇಳುತ್ತಿದ್ದ ‘ಶಿಬಂದಿ’ಗೂ ಅದಕ್ಕೂ ಮೂಲ ಒಂದೇ ಪಾರಸಿ ಪದ. ‘ಸಿಬ್ಬಂದಿ ಬಂದಿದೆ’, ‘ಸಿಬ್ಬಂದಿ ಬಂದಿದ್ದಾರೆ’ ಎರಡನ್ನೂ ಅದು ತಾಳಿಕೊಳ್ಳುತ್ತದೆ. ಕೊಂಕಣ ಕರಾವಳಿಯ ದೋಣಿಗಳಲ್ಲಿ, ಮುಂಬೈಯ ‘ಕೋಳಿ’ ಎಂಬ ಬೆಸ್ತ ಸಮುದಾಯದಲ್ಲಿ, ಉತ್ತರ ಕನ್ನಡದಲ್ಲಿ ಇಂದಿಗೂ ಇರುವ ‘ತಾಂಡೇಲ’ (ದೋಣಿಯ ಮುಖ್ಯಸ್ಥ), ‘ಖಲಾಸಿ’ (ದೋಣಿಯ ಕೆಲಸಗಾರ) ಎಂಬ ಪದಗಳು ಮೈಯ ಬಗ್ಗೆ ಏನನ್ನೂ ಹೇಳದೆ ಕೆಲಸವನ್ನು ಮಾತ್ರ ಹೇಳುತ್ತವೆ. ತಾರಾನೌಕೆಯ ಮುಖ್ಯಾಧಿಕಾರಿಯನ್ನು ‘ತಾಂಡೇಲರು’ ಎನ್ನುವುದು ನನಗೆ ಬಹಳ ಒಪ್ಪಿದೆ, ಆದರೆ ಬಯಲುಸೀಮೆಯ ಓದುಗರಿಗೆ ಅದು ತಲುಪೀತೇ ಎಂಬುದನ್ನು ಅಲ್ಲಿನವರೇ ಹೇಳಬೇಕು.

ಕೊನೆಯದಾಗಿ, ನಮಗೆ ಇನ್ನೂ ಬಿಡಿಸಲಾಗದ ಒಂದು ಗಂಟು. 1977ರಲ್ಲಿ ಹೊರಟ ವಾಯೇಜರ್ ನೌಕೆಗಳ ಚಿನ್ನದ ಲೇಪದ ತಟ್ಟೆಯಲ್ಲಿ 55 ಭಾಷೆಗಳ ಹಾರೈಕೆಗಳಿವೆ, ಮರಾಠಿಯದೂ ಕನ್ನಡದ್ದೂ ಅದರಲ್ಲಿ ಸೇರಿವೆ. ಕನ್ನಡದ ಹಾರೈಕೆ ‘ಕನ್ನಡಿಗರ ಪರವಾಗಿ ಶುಭಾಶಯಗಳು’ ಎಂಬುದಾದ್ದರಿಂದ ಅದರಲ್ಲಿ ಕ್ರಿಯಾಪದವೂ ಇಲ್ಲ, ಸರ್ವನಾಮವೂ ಇಲ್ಲ. ನಮ್ಮ ಕಥೆಗೆ ಆ ಅನುಕೂಲವಿಲ್ಲ. ನೌಕೆಯ ಮನುಷ್ಯ ವೈದ್ಯೆ ತನ್ನ ಬೇರೊಡಲಿಗ ಗೆಳೆಯರೆದುರು ‘ನಾವು ಬದುಕಬೇಕು’ ಎನ್ನುತ್ತಾಳೆ. ಈ ‘ನಾವು’ ಮನುಷ್ಯರು ಮಾತ್ರವೇ, ಕೇಳುತ್ತಿರುವವರೂ ಸೇರಿಯೇ? ಮರಾಠಿ ಓದುವ ಮಕ್ಕಳು ಕೂಡಲೇ ಕೇಳುವವರನ್ನು ಬಿಟ್ಟ ‘ಆಮ್ಹೀ’ ಬೇರೆ, ಅವರನ್ನು ಸೇರಿಸಿದ ‘ಆಪಣ್’ ಬೇರೆ ಎಂದರು. ಮುಂಬೈಯ ತುಳುವರು ಕೇಳಿಸಿಕೊಳ್ಳುವವರನ್ನು ಸೇರಿಸಿ ‘ನಮ’ ಎಂದೂ, ಬಿಟ್ಟು ‘ಎಂಕುಲು’ ಎಂದೂ ಹೇಳುತ್ತಾರೆ. ಹವ್ಯಕ ಕನ್ನಡದ ‘ಎಂಗೊ’ ಕೂಡ ಕೇಳುವವರನ್ನು ಹೊರಗಿಡುತ್ತದೆ. ಶಿಷ್ಟ ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ. ‘ನಾವೆಲ್ಲರೂ’ ಎಂದು ಬರೆದು ನೋಡಿದೆವು, ಅದು ಭಾಷಣದ ಮಾತಿನಂತಾಯಿತು. ‘ನಾವೂ ನೀವೂ’ ಎಂದರೆ ಸೇರಿಸುವ ಬದಲು ಎರಡು ಗುಂಪು ಮಾಡಿದಂತಾಗುತ್ತದೆ. ನಿಮ್ಮ ನಿಮ್ಮ ಸೀಮೆಯ ಆಡುಮಾತಿನಲ್ಲಿ, ಕೇಳುವವರನ್ನು ಒಳಗೊಂಡ ‘ನಾವು’ವಿಗೆ ಬೇರೆಯೇ ರೂಪವಿದ್ದರೆ, ಅದು ಯಾವ ಊರಿನದು, ಯಾರು ಯಾವ ಸಂದರ್ಭದಲ್ಲಿ ಆಡುತ್ತಾರೆ ಎಂಬ ವಿವರದೊಡನೆ ತಿಳಿಸಬೇಕೆಂದು ಕೋರುತ್ತೇನೆ.